ಮಕ್ಕಳ ಟಿವಿ ನಿರ್ದೇಶಕರಿಗೂ ಪ್ರಶಸ್ತಿ ಇದೆ, ಗೊತ್ತಾ?

[ದೃಶ್ಯ: ಜಗುಲಿ. ಹಿಂದೆ ಮಳೆ ಸದ್ದು. ಕೈಯಲ್ಲಿ ಹಳೆ ಟಿವಿ ಅಂಟೆನಾದ ಒಂದು ಕಡ್ಡಿ.]

ನಮಸ್ಕಾರ. ಶಿರಸಿ ಹತ್ತಿರದ ನಮ್ಮ ಮನೆಯಿಂದ ಮಾತಾಡುತ್ತಿದ್ದೇನೆ. ಹಿಂದೆ ಕೇಳುತ್ತಿರುವುದು ಮಳೆ. ಅದು ನಿಂತ ಮೇಲೆ ವಿಡಿಯೋ ಮಾಡೋಣ ಅಂತ ಕೂತರೆ ದೀಪಾವಳಿ ಬರುತ್ತದೆ. ಹಾಗಾಗಿ ಹೀಗೇ ಕೇಳಿಬಿಡಿ.

ಈ ಕಡ್ಡಿ ಅಟ್ಟ ಗುಡಿಸುವಾಗ ಸಿಕ್ಕಿತು. 1987ರಲ್ಲಿ ನಮ್ಮ ಕೇರಿಗೆಲ್ಲಾ ಒಂದೇ ಟಿವಿ. ಅಂಟೆನಾ ಇದ್ದದ್ದು ಮನೆ ಹಿಂದಿನ ಗುಡ್ಡದ ಮೇಲೆ. ದೂರದರ್ಶನದಲ್ಲಿ ಮಾಲ್ಗುಡಿ ಡೇಸ್ ಶುರುವಾಗುವ ಹೊತ್ತಿಗೆ ಒಬ್ಬ ಗುಡ್ಡ ಹತ್ತಿ ಕಂಬ ತಿರುಗಿಸಬೇಕು. ಇನ್ನೊಬ್ಬ ಜಗುಲಿಯಲ್ಲಿ ನಿಂತು ಚಿತ್ರ ನೋಡಿ ಕೂಗಬೇಕು. ಒಬ್ಬನ ದನಿ ಇನ್ನೊಬ್ಬನಿಗೆ ಮುಟ್ಟುತ್ತಿರಲಿಲ್ಲ. ಅದಕ್ಕೆ ನಡುವೆ ಮತ್ತೊಬ್ಬ ಬೇಕಿತ್ತು. ಆ ಮತ್ತೊಬ್ಬ ನಾನು. ಕೆಳಗಿನವರು "ಬಂತು!" ಅಂದರೆ ನಾನು ಮೇಲಕ್ಕೆ "ಬಂತು!" "ಹೋತು!" ಅಂದರೆ "ಹೋತು!" ಸ್ವಾಮಿಯ ಅರ್ಧ ಕಥೆ ನಾನು ನೋಡಿದ್ದಲ್ಲ, ದಾಳಿಂಬೆ ಗಿಡದ ಪಕ್ಕ ನಿಂತು ಕೇಳಿದ್ದು. ಅದೂ ಹಿಂದಿಯಲ್ಲಿ.

ಆ ಸ್ವಾಮಿಯ ಪಾತ್ರ ಮಾಡಿದ್ದು ಮಾಸ್ಟರ್ ಮಂಜುನಾಥ್. ಇದು ಎಲ್ಲರಿಗೂ ಗೊತ್ತು. ಆದರೆ ಅಷ್ಟು ಚಿಕ್ಕ ಹುಡುಗನ ಮುಖದಲ್ಲಿ ಆ ಹೆದರಿಕೆ, ಆ ತುಂಟತನ ಎಲ್ಲಾ ಅಷ್ಟು ಸಲೀಸಾಗಿ ಹೇಗೆ ಬಂತು? ಯಾರೋ ತರಿಸಿರಬೇಕು, ಅಲ್ವಾ? ಇವತ್ತಿನ ಮಾತು ಆ "ಯಾರೋ" ಬಗ್ಗೆ. ಮಕ್ಕಳ ಟಿವಿ ಕಾರ್ಯಕ್ರಮ ನಿರ್ದೇಶಿಸುವವರು, ಅವರಿಗೆ ಇರುವ ಪ್ರಶಸ್ತಿಗಳು, ನಮ್ಮಲ್ಲಿ ಇಲ್ಲದಿರುವುದು.

[ದೃಶ್ಯ: ಅಡುಗೆಮನೆಯ ಒಲೆ. ಕೆಂಡದ ಹತ್ತಿರದ ಶಾಟ್.]

ಮೊದಲು ನನ್ನದೇ ಒಂದು ಮಾನ ಹೋದ ಕಥೆ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಮಕ್ಕಳಿಗಾಗಿ 12 ನಿಮಿಷದ ಒಂದು ಕಾರ್ಯಕ್ರಮ ಮಾಡಲು ಹೊರಟೆವು. ಮಳೆಗಾಲದ ಒಂದು ದಿನ, ಅಜ್ಜಿ, ಮೊಮ್ಮಗಳು, ಅಷ್ಟೇ ಕಥೆ. ಹುಡುಗಿಗೆ ಏಳು ವರ್ಷ. ಅವಳು ಹೇಳಬೇಕಾದ ಮಾತು ಒಂದೇ: "ಅಜ್ಜಿ, ಮಳೆ ಯಾವಾಗ ನಿಲ್ತದೆ?" ಬರೆದವನು ನಾನೇ. ಬಹಳ ಚಂದ ಇದೆ ಅಂತ ಅಂದುಕೊಂಡಿದ್ದೆ.

ಮೊದಲನೇ ಸಲ ಅವಳು ಕ್ಯಾಮೆರಾ ನೋಡಿದಳು. ಎರಡನೇ ಸಲ ನಕ್ಕಳು. ಆಮೇಲೆ ಸರಿಯಾಗಿ ಹೇಳತೊಡಗಿದಳು, ಆದರೆ ಶಾಲೆಯಲ್ಲಿ ಪದ್ಯ ಒಪ್ಪಿಸಿದ ಹಾಗೆ. ನಾನು ಪ್ರತಿ ಸಲ "ಚಲೋ ಆಯ್ತು, ಇನ್ನೊಂದು ಸಲ" ಅನ್ನುತ್ತಿದ್ದೆ. ಸಲದಿಂದ ಸಲಕ್ಕೆ ದನಿ ಸಣ್ಣಗಾಗುತ್ತಾ ಬಂತು. 11ನೇ ಸಲ ಮುಗಿದ ಮೇಲೆ ಅವಳು ನನ್ನ ಹತ್ತಿರ ಬಂದು ಮೆತ್ತಗೆ ಕೇಳಿದಳು: "ಆನು ಸೋತ್ನಾ?" ನಾನು ಸೋತೆನಾ, ಅಂತ.

ಮಕ್ಕಳಿಗೆ "ಟೇಕ್" ಅಂದರೆ ಗೊತ್ತಿಲ್ಲ. ಮತ್ತೆ ಮಾಡು ಅಂದರೆ ತಪ್ಪಾಯಿತು ಅಂತಲೇ ಅರ್ಥ. ನಾನು 11 ಸಲ ಆ ಕೂಸನ್ನು ಫೇಲ್ ಮಾಡಿದ್ದೆ.

ಅಲ್ಲಿಗೆ ನಿಲ್ಲಿಸಿದೆವು. ಅಜ್ಜಿ ಅಷ್ಟರಲ್ಲಿ ಬೇಜಾರಾಗಿ ಒಲೆಯ ಕೆಂಡದಲ್ಲಿ ಹಲಸಿನ ಬೀಜ ಸುಡಲು ಕೂತಿದ್ದರು. ಹುಡುಗಿ ಓಡಿಹೋಗಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಕ್ಯಾಮೆರಾ ಹಿಡಿದ ಹುಡುಗ ಬುದ್ಧಿವಂತ. ನನ್ನನ್ನು ಕೇಳದೇ ಸ್ಟ್ಯಾಂಡ್ ಬಿಟ್ಟು, ಒಂದು ಮಣೆ ಎಳೆದುಕೊಂಡು ಅವಳ ಕಣ್ಣಿನ ಎತ್ತರಕ್ಕೆ ಕೂತ. ಬೀಜ ಚಟ್ ಅಂತ ಸಿಡಿಯಿತು. ಅವಳು ಹಿಂದೆ ಸರಿದಳು, ಹೊರಗೆ ಮಳೆ ಕಡೆ ನೋಡಿದಳು, ಕೇಳಿದಳು: "ಅಜ್ಜಿ, ಮಳೆಗೆ ಸುಸ್ತಾಗ್ತಿಲ್ಯಾ?"

ನಾನು ಬರೆದ ಸಾಲು ಅಲ್ಲಿಗೆ ಸತ್ತಿತು.

ಮಕ್ಕಳ ಕಾರ್ಯಕ್ರಮದ ನಿರ್ದೇಶನ ಅಂದರೆ ಜಾಸ್ತಿ ಪಾಲು ಇದೇ. ದೊಡ್ಡ ನಟರಿಗೆ ಹೀಗೆ ಮಾಡಿ ಅಂದರೆ ಮಾಡುತ್ತಾರೆ. ಮಕ್ಕಳಿಗೆ ಹಾಗೆ ಆಗುವಂತೆ ಜಾಗ ಮಾಡಿಕೊಡಬೇಕು, ಆಮೇಲೆ ನಾವು ಸುಮ್ಮನೆ ಇರಬೇಕು. ಎರಡನೆಯದು ಕಷ್ಟ.

ಇದರ ಮೇಲೆ ಗಡಿಯಾರ ಬೇರೆ. ನಮ್ಮ ದೇಶದಲ್ಲಿ ಬಾಲ ಕಲಾವಿದರ ಬಗ್ಗೆ 2017ರ ನಿಯಮ ಇದೆ. ದಿನಕ್ಕೆ ಐದು ಗಂಟೆಗಿಂತ ಜಾಸ್ತಿ ಕೆಲಸ ಇಲ್ಲ. ಬಿಡುವಿಲ್ಲದೆ ಮೂರು ಗಂಟೆ ದಾಟುವಂತಿಲ್ಲ. ಜಿಲ್ಲಾ ಮ್ಯಾಜಿಸ್ಟ್ರೇಟ್ ಅನುಮತಿ ಬೇಕು. ಐದು ಮಕ್ಕಳಿಗೆ ಒಬ್ಬರಾದರೂ ಜವಾಬ್ದಾರಿ ಹೊತ್ತವರು ಇರಬೇಕು. ಮಗುವಿನ ದುಡಿಮೆಯಲ್ಲಿ ಕನಿಷ್ಠ 20 ಶೇಕಡಾ ಅದರ ಹೆಸರಲ್ಲೇ ಬ್ಯಾಂಕಿನಲ್ಲಿ ಡೆಪಾಸಿಟ್ ಇಡಬೇಕು. ಇರಲೇಬೇಕಾದ ನಿಯಮಗಳು. ಆದರೆ ಆ ಐದು ಗಂಟೆಯಲ್ಲೇ ಊಟ, ಹಟ, ನಿದ್ದೆ, "ಅಮ್ಮ ಎಲ್ಲಿ" ಎಲ್ಲಾ ಸೇರಿರುತ್ತದೆ. ಉಳಿದ ಹೊತ್ತಿನಲ್ಲಿ ಕೆಲಸ ತೆಗೆಯುವವರನ್ನು ಬೇರೆಯಾಗಿ ಗುರುತಿಸಬೇಕು ಅಂತ ಯಾರಿಗಾದರೂ ಅನ್ನಿಸಿದ್ದರಲ್ಲಿ ಆಶ್ಚರ್ಯ ಇಲ್ಲ.

[ದೃಶ್ಯ: ಪರದೆ ಮೇಲೆ ಬರಹ: ನಿರ್ದೇಶಕರೇ ನಿರ್ದೇಶಕರಿಗೆ ಕೊಡುವುದು.]

ಅಮೆರಿಕಾದಲ್ಲಿ ನಿರ್ದೇಶಕರ ಒಂದು ಸಂಘ ಇದೆ, ಡೈರೆಕ್ಟರ್ಸ್ ಗಿಲ್ಡ್ ಆಫ್ ಅಮೆರಿಕಾ. 1936ರಲ್ಲಿ ಶುರುವಾದದ್ದು. ಅವರು ಪ್ರತಿ ವರ್ಷ ಕೊಡುವ ಪ್ರಶಸ್ತಿಗಳಲ್ಲಿ ಮಕ್ಕಳ ಕಾರ್ಯಕ್ರಮದ ನಿರ್ದೇಶನಕ್ಕೆ ಅಂತಲೇ ಒಂದು ವಿಭಾಗ ಇದೆ. ಕಾರ್ಯಕ್ರಮಕ್ಕೆ ಪ್ರಶಸ್ತಿ ಕೊಟ್ಟರೆ ವೇದಿಕೆ ಹತ್ತುವುದು ಹೆಚ್ಚಾಗಿ ನಿರ್ಮಾಪಕರು. ಇಲ್ಲಿ ಹಾಗಲ್ಲ. ಆ ಕೆಲಸದ ಕಷ್ಟ ಗೊತ್ತಿರುವವರೇ ಕರೆದು ಕೊಡುತ್ತಾರೆ. ಅಡಿಗೆ ಭಟ್ಟರೇ ಇನ್ನೊಬ್ಬ ಭಟ್ಟರ ಸಾರು ಚಲೋ ಆಗಿದೆ ಅಂದ ಹಾಗೆ. ಆ ಮಾತಿಗೆ ತೂಕ ಜಾಸ್ತಿ.

ಈ ಪಟ್ಟಿಯಲ್ಲಿ ಮತ್ತೆ ಮತ್ತೆ ಬರುವ ಹೆಸರು ಏಮಿ ಶಾಟ್ಸ್. ಒಂದು ವರ್ಷ ಪುಟ್ಟ ಮಕ್ಕಳಿಗೆ ಕವಿತೆ ಪರಿಚಯಿಸುವ ಕಾರ್ಯಕ್ರಮಕ್ಕೆ ಗೆದ್ದರು. ಇನ್ನೊಮ್ಮೆ ಆನೆಗಳ ಕುರಿತ ಚಿತ್ರಕ್ಕೆ. 2019ರ ಕೆಲಸಕ್ಕಾಗಿ ಗೆದ್ದಾಗ ವಿಷಯ ಇನ್ನೂ ಭಾರವಾದದ್ದು: ಗುಂಡಿನ ದಾಳಿ ನಡೆದ ಶಾಲೆಯೊಂದರ ಮಕ್ಕಳು ಸೇರಿ ನಾಟಕ ಕಟ್ಟುವ ಕಥೆ. ಮಕ್ಕಳ ಕಾರ್ಯಕ್ರಮ ಅಂದ ಕೂಡಲೇ ಬಣ್ಣದ ಬಲೂನು, ಕೀರಲು ದನಿ ಅಂತ ಅಂದುಕೊಳ್ಳುವವರು ಈ ಪಟ್ಟಿಯನ್ನು ಒಮ್ಮೆ ನೋಡಬೇಕು.

2021ರ ಕೆಲಸಕ್ಕೆ ಗೆದ್ದವರು ಸ್ಮೃತಿ ಮುಂಧ್ರಾ, ಭಾರತೀಯ ಮೂಲದವರು. ಮನೆ ಇಲ್ಲದ ಕುಟುಂಬಗಳ ಮಕ್ಕಳ ಬಗ್ಗೆ ಮಾಡಿದ ಒಂದು ಕಂತಿಗೆ. ಮಕ್ಕಳೇ ತಮ್ಮ ಬದುಕನ್ನು ಹೇಳಿಕೊಳ್ಳುವ ಸರಣಿ ಅದು. ಅಲ್ಲಿಯೂ ಯಾರೋ ಒಬ್ಬರು ಮಣೆ ಎಳೆದುಕೊಂಡು ಕೂತಿರಬೇಕು.

ಆದರೆ ನನಗೆ ಒಂದು ತಕರಾರಿದೆ. 2015ರ ಕೆಲಸಕ್ಕೆ ಈ ಪ್ರಶಸ್ತಿ ಗೆದ್ದ ಕೆನ್ನಿ ಒರ್ಟೆಗಾ ಮಾಡಿದ್ದು ಹಾಡು-ಕುಣಿತದ ದೊಡ್ಡ ಟಿವಿ ಸಿನಿಮಾ. 2017ರದ್ದಕ್ಕೆ ಗೆದ್ದ ನಿಕಿ ಕಾರೊ ಮಾಡಿದ್ದು ಹಳೆ ಕಾದಂಬರಿ ಆಧರಿಸಿದ ಧಾರಾವಾಹಿಯ ಕಂತು. ಮರುವರ್ಷ ಗೆದ್ದದ್ದು ಸೆಸಮಿ ಸ್ಟ್ರೀಟ್‌ನ ವಿಶೇಷ ಕಾರ್ಯಕ್ರಮ, ಬೊಂಬೆಗಳದ್ದು. ಅದರ ಮರುವರ್ಷ ಸಾಕ್ಷ್ಯಚಿತ್ರ. ಎಲ್ಲಾ ಒಂದೇ ವಿಭಾಗ! ಅಡಿಕೆಯಲ್ಲಿ ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು ಎಲ್ಲಾ ಒಂದೇ ಚೀಲಕ್ಕೆ ಸುರಿದು ಟೆಂಡರ್ ಕರೆದರೆ ನಮ್ಮ ಶಿರಸಿ ಪೇಟೆಯಲ್ಲಿ ಯಾರಾದರೂ ದರ ಹೇಳುತ್ತಾರಾ?

ಬೊಂಬೆ ಕೆಲಸವನ್ನೇ ನೋಡಿ. ಸೆಸಮಿ ಸ್ಟ್ರೀಟ್‌ನಲ್ಲಿ ಬೊಂಬೆ ಆಡಿಸುವವರು ಕೆಳಗೆ ಕೈ ಎತ್ತಿಕೊಂಡು ಇರುತ್ತಾರೆ. ಅವರಿಗೆ ಬೊಂಬೆ ಕಾಣುವುದು ಮಾನಿಟರಿನಲ್ಲಿ. ಎದುರಿಗೆ ಒಂದು ನಿಜವಾದ ಮಗು. ಆ ಮಗು ಬೊಂಬೆಯ ಕಣ್ಣನ್ನೇ ನೋಡಿ ಮಾತಾಡಬೇಕು, ಕೆಳಗಿರುವ ಮನುಷ್ಯನನ್ನು ಮರೆಯಬೇಕು. ಅದನ್ನು ಹೊಂದಿಸುವ ಕಲೆಯೇ ಬೇರೆ. ಸಾಕ್ಷ್ಯಚಿತ್ರದ ಕಲೆಯೇ ಬೇರೆ.

ಅಮೆರಿಕಾದಲ್ಲೇ ಟಿವಿಗೆ ಅಂತ ಕೊಡುವ ಎಮ್ಮಿ ಪ್ರಶಸ್ತಿಯವರು ಈ ವಿಷಯದಲ್ಲಿ ಸ್ವಲ್ಪ ಚೊಕ್ಕ. ಮೊದಲು ಮಕ್ಕಳ ಕಾರ್ಯಕ್ರಮಗಳು ಹಗಲು ಹೊತ್ತಿನ ಕಾರ್ಯಕ್ರಮಗಳ ಎಮ್ಮಿಯಲ್ಲಿ ಒಂದು ಮೂಲೆ ಹಿಡಿದಿದ್ದವು. 2021ರಲ್ಲಿ ಬೇರೆ ಮಾಡುತ್ತೇವೆ ಅಂತ ಹೇಳಿ, 2022ರ ಡಿಸೆಂಬರಿನಲ್ಲಿ ಮಕ್ಕಳು ಮತ್ತು ಕುಟುಂಬದ ಎಮ್ಮಿ ಅಂತ ಪ್ರತ್ಯೇಕ ಸಮಾರಂಭವನ್ನೇ ಮಾಡಿದರು. ಅದರಲ್ಲಿ ನಿರ್ದೇಶನಕ್ಕೆ ಒಂದೇ ಅಲ್ಲ, ಹಲವು ವಿಭಾಗ. ಅನಿಮೇಷನ್‌ಗೆ ಬೇರೆ, ನಟರಿರುವ ಕಾರ್ಯಕ್ರಮಕ್ಕೆ ಬೇರೆ. ಚೀಲ ಬಿಡಿಸಿ ಗ್ರೇಡ್ ಮಾಡಿದ್ದಾರೆ.

[ದೃಶ್ಯ: ಮತ್ತೆ ಜಗುಲಿ.]

ಈಗ ನಮ್ಮ ಕಡೆ ಬರೋಣ. ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ಅತ್ಯುತ್ತಮ ಮಕ್ಕಳ ಚಿತ್ರಕ್ಕೆ ಸ್ವರ್ಣಕಮಲ ಇದೆ. ನಿರ್ಮಾಪಕರಿಗೂ ಕೊಡುತ್ತಾರೆ, ನಿರ್ದೇಶಕರಿಗೂ ಕೊಡುತ್ತಾರೆ. ಇದರಲ್ಲಿ ಕನ್ನಡದ್ದು ಗಟ್ಟಿ ಲೆಕ್ಕ. 2006ರ ಚಿತ್ರಕ್ಕೆ ಗೆದ್ದ ಕಿಶನ್ ಶ್ರೀಕಾಂತ್ ಆ ಚಿತ್ರ ಮಾಡುವಾಗ ಸ್ವತಃ ಒಂಬತ್ತು ವರ್ಷದ ಹುಡುಗ. 2008ಕ್ಕೆ ಅಭಯ ಸಿಂಹ, 2009ಕ್ಕೆ ಪಿ.ಎನ್. ರಾಮಚಂದ್ರ, 2010ಕ್ಕೆ ಪಿ.ಆರ್. ರಾಮದಾಸ ನಾಯ್ಡು. ಸತತ ಮೂರು ವರ್ಷ ಕನ್ನಡ! 2018ಕ್ಕೆ ಮತ್ತೆ ರಿಷಬ್ ಶೆಟ್ಟಿ.

ಆದರೆ ಇದು ಸಿನಿಮಾ. ಅದೇ ಮಗು, ಅದೇ ನಿರ್ದೇಶಕ, ಅದೇ ಕಷ್ಟ ಟಿವಿಗೆ ಹೋಯಿತು ಅಂದರೆ ಈ ಪ್ರಶಸ್ತಿಯಲ್ಲಿ ಅದಕ್ಕೆ ಜಾಗವೇ ಇಲ್ಲ. ಪಕ್ಕದ ಕೇರಳದಲ್ಲಿ ಸರ್ಕಾರವೇ ಟಿವಿಗೆ ಅಂತ ರಾಜ್ಯ ಪ್ರಶಸ್ತಿ ಕೊಡುತ್ತದೆ.

ಮಕ್ಕಳ ಟಿವಿ ನಮಗೇನು ಹೊಸದಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ಸೈಟ್ ಅನ್ನುವ ಟಿವಿ ಪ್ರಯೋಗದಲ್ಲಿ ಉಪಗ್ರಹದ ಮೂಲಕ ಆರು ರಾಜ್ಯದ ಸುಮಾರು 2400 ಹಳ್ಳಿಗೆ ಟಿವಿ ಬಂತು. ನಮ್ಮ ರಾಯಚೂರು, ಬಿಜಾಪುರ, ಗುಲ್ಬರ್ಗ ಜಿಲ್ಲೆಯ ಹಳ್ಳಿಗಳೂ ಅದರಲ್ಲಿದ್ದವು. ಬೆಳಿಗ್ಗೆಯ ಹೊತ್ತು ಶಾಲೆ ಮಕ್ಕಳಿಗೇ ಮೀಸಲು. ಆಮೇಲೆ ಬಂದ ಮಕ್ಕಳ ಚಾನೆಲ್‌ಗಳಲ್ಲಿ ಹೆಚ್ಚಿನದು ಹೊರಗಿನ ಕಾರ್ಟೂನು, ಕನ್ನಡದ ದನಿ. ಡಬ್ಬಿಂಗ್ ಕಲಾವಿದರ ಮೇಲೆ ನನಗೆ ಗೌರವ ಇದೆ. ಆದರೆ ನಮ್ಮ ಕೂಸು ಕೆಂಡದ ಮುಂದೆ ಕೂತು ಏನು ಕೇಳುತ್ತದೆ ಅನ್ನೋದು ಅದರಲ್ಲಿ ಬರುವುದಿಲ್ಲ.

ಮಾಲ್ಗುಡಿ ಮಾಡಿದ ಶಂಕರ್ ನಾಗ್ ನಮ್ಮ ಜಿಲ್ಲೆಯವರು, ಹೊನ್ನಾವರದ ಕಡೆಯವರು. 1954ರಲ್ಲಿ ಹುಟ್ಟಿದರು, 1990ರಲ್ಲಿ ಹೋಗಿಬಿಟ್ಟರು. ನಟನೆಗೆ ಅವರಿಗೆ 1979ರಲ್ಲೇ ಭಾರತದ ಅಂತಾರಾಷ್ಟ್ರೀಯ ಚಿತ್ರೋತ್ಸವದ ಪ್ರಶಸ್ತಿ ಬಂತು. ಆಗುಂಬೆಯ ಮಳೆ ಊರಲ್ಲಿ ಒಂದು ಇಡೀ ಮಾಲ್ಗುಡಿ ಎಬ್ಬಿಸಿ, ಒಬ್ಬ ಹುಡುಗನ ಮುಖದ ಮೇಲೆ ಇಡೀ ದೇಶದ ಕಣ್ಣು ನಿಲ್ಲಿಸಿದ್ದಕ್ಕೆ? ಟಿವಿಯ ಆ ಕೆಲಸಕ್ಕೆ ಅಂತ ರಾಷ್ಟ್ರ ಪ್ರಶಸ್ತಿಯಲ್ಲಿ ಒಂದು ಸಾಲು ಆಗಲೂ ಇರಲಿಲ್ಲ, ಈಗಲೂ ಇಲ್ಲ.

[ದೃಶ್ಯ: ಶಾಲೆಯ ಗೋಡೆ. ಅದರ ಮೇಲೆ ಬಿಳಿ ಪಂಚೆ ಕಟ್ಟಿದ ಪರದೆ.]

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಜರ್ಮನಿಯ ಮ್ಯೂನಿಕ್‌ನಲ್ಲಿ ನಡೆಯುವ ಪ್ರಿ ಜ್ಯೂನೆಸ್ ಅನ್ನುವ ಮಕ್ಕಳ ಟಿವಿ ಹಬ್ಬ. 1964ರಲ್ಲಿ ಹುಟ್ಟಿದ್ದು. ಎರಡು ವರ್ಷಕ್ಕೊಮ್ಮೆ ಬೇರೆ ಬೇರೆ ದೇಶದ ಮಕ್ಕಳ ಟಿವಿ ಮಾಡುವವರು ಒಂದೆಡೆ ಸೇರುತ್ತಾರೆ. ಎಲ್ಲರೂ ಕೂತು ಕಾರ್ಯಕ್ರಮ ನೋಡುತ್ತಾರೆ. ಗುಂಪಾಗಿ ಕೂತು ಚರ್ಚೆ ಮಾಡುತ್ತಾರೆ. ಆಮೇಲೆ ಅವರೇ ಮತ ಹಾಕುತ್ತಾರೆ. ಆರು ವರ್ಷದ ಒಳಗಿನವರಿಗೆ ಮಾಡಿದ್ದು, ಏಳರಿಂದ ಹತ್ತು, ಅದಕ್ಕೂ ದೊಡ್ಡವರಿಗೆ, ಹೀಗೆ ವಯಸ್ಸಿನ ಮೇಲೆ ವಿಭಾಗ. ಮಕ್ಕಳ ತೀರ್ಪುಗಾರರೂ ಇರುತ್ತಾರೆ. ಹಬ್ಬ ಮುಗಿದ ಮೇಲೆ ಚಲೋ ಕಾರ್ಯಕ್ರಮಗಳನ್ನು ದೇಶ ದೇಶಕ್ಕೆ ಒಯ್ದು ತೋರಿಸಿ ಕಮ್ಮಟ ಮಾಡುತ್ತಾರೆ. ಅದಕ್ಕೆ ಅವರು ಇಟ್ಟ ಹೆಸರು ಸೂಟ್‌ಕೇಸ್! ನಮ್ಮ ಯಕ್ಷಗಾನ ಮೇಳದ ಪೆಟ್ಟಿಗೆ ಊರಿಂದ ಊರಿಗೆ ಹೋಗುವುದಿಲ್ಲವಾ, ಹಾಗೆ.

ಈ ವಿಷಯ ಓದಿದ ಮೇಲೆ ನಾವೂ ನಮ್ಮ 12 ನಿಮಿಷವನ್ನು ಒಂದು ಪ್ರಾಥಮಿಕ ಶಾಲೆಯಲ್ಲಿ ತೋರಿಸಿದೆವು. ನಾನು ಪರದೆಗೆ ಬೆನ್ನು ಹಾಕಿ ಮಕ್ಕಳ ಮುಖ ನೋಡುತ್ತಾ ಕೂತೆ. ನಾಲ್ಕನೇ ನಿಮಿಷಕ್ಕೆ ಡ್ರೋನ್ ಶಾಟ್ ಇತ್ತು. ತೋಟದ ಮೇಲೆ ಮಂಜು, 40 ಸೆಕೆಂಡು, ಬಾಡಿಗೆ ಕೊಟ್ಟು ತೆಗೆಸಿದ್ದು. ಇಡೀ ಕ್ಲಾಸು ಗೋಡೆ ಮೇಲಿನ ಹಲ್ಲಿ ನೋಡತೊಡಗಿತು. ಆ ಶಾಟ್ ಈಗ ಆರು ಸೆಕೆಂಡು ಇದೆ.

ಮುಗಿದ ಮೇಲೆ ಏನಾದರೂ ಕೇಳಿ ಅಂದೆ. ಹಿಂದಿನ ಸಾಲಿನ ಒಬ್ಬ ಹುಡುಗ ಎದ್ದು ನಿಂತ. "ಆ ಬೀಜ ಕಡೆಗೆ ಯಾರು ತಿಂದರು?"

ನಾನು ಅಜ್ಜಿಯ ಮುಖದ ಮೇಲೆ ಮುಗಿಸಿದ್ದೆ. ಬೀಜ ಕೆಂಡದಲ್ಲೇ ಬಿಟ್ಟಿದ್ದೆ. ಮತ್ತೆ ತೆಗೆಯೋಣ ಅಂದರೆ ಹಲಸಿನ ಕಾಲ ಮುಗಿದಿತ್ತು. ಮುಂದಿನ ಮಳೆಗಾಲದವರೆಗೆ ಕಾದು, ಅದೇ ಒಲೆ, ಅದೇ ಲಂಗ, ಅದೇ ಮಣೆ, ಅವಳು ಬೀಜ ಸುಲಿದು ಬಾಯಿಗೆ ಹಾಕಿಕೊಳ್ಳುವ ಒಂದು ಶಾಟ್ ತೆಗೆದೆವು. ಅಷ್ಟರಲ್ಲಿ ಅವಳ ಎದುರಿನ ಎರಡು ಹಲ್ಲು ಬಿದ್ದಿದ್ದವು. ಹೋಗಲಿ ಅಂತ ಹಾಗೇ ಸೇರಿಸಿ ಅದೇ ಶಾಲೆಗೆ ಮತ್ತೆ ಒಯ್ದೆ. ಅದೇ ಹುಡುಗ ಮತ್ತೆ ಎದ್ದ.

"ಬೀಜ ಸರಿ ಬೆಂದಿರಲಿಲ್ಲ," ಅಂದ. "ಅದಕ್ಕೇ ಹಲ್ಲು ಹೋಯ್ತು."