ಬಿಸಿಲು ಗುಡ್ಡೆಯಲ್ಲಿ, ಬ್ಯಾಟರಿ ತಗ್ಗಿನಲ್ಲಿ

(ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯ ವಾಚನಾಲಯವೊಂದರಲ್ಲಿ ಕೃಷಿಕರ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತು ಸೋಲಾರ್ ಪ್ಯಾನೆಲಿನಿಂದ ಬ್ಯಾಟರಿಗೆ ಎಳೆಯುವ ವಯರು ಮತ್ತು ಪೈಪಿನ ಬಗ್ಗೆ. ಹೊರಗೆ ಮೋಡ ಕಟ್ಟಿದೆ. ಕರೆಂಟು ಹೋಗಿ ಮೈಕು ನಿಂತರೆ ಬಾಯಲ್ಲೇ ಮುಂದುವರಿಸುತ್ತೇನೆ, 30 ವರ್ಷ ಪಾಠ ಮಾಡಿದ ಗಂಟಲು ಇದು.

ಎಣ್ಮಕಜೆ, ಬದಿಯಡ್ಕ, ಪೈವಳಿಕೆ ಕಡೆಯ ನಮ್ಮ ಮನೆಗಳು ತಗ್ಗಿನಲ್ಲಿವೆ, ಸುತ್ತ ಅಡಿಕೆ ತೋಟ. ಮಾಡಿನ ಮೇಲೆ ಪ್ಯಾನೆಲ್ ಇಟ್ಟರೆ ಮೂರು ಗಂಟೆಗೆಲ್ಲ ಕಂಗಿನ ನೆರಳು. ಹಾಗಾಗಿ ಪ್ಯಾನೆಲ್ ಗುಡ್ಡೆಗೆ ಹತ್ತುತ್ತದೆ, ಬ್ಯಾಟರಿ ಜಗಲಿಯ ಮೂಲೆಯಲ್ಲಿ ಉಳಿಯುತ್ತದೆ. ನಡುವೆ 30 ಮೀಟರ್ ವಯರು. ಪೇಟೆಯ ಟೆರೇಸಿನಲ್ಲಿ 8 ಮೀಟರಿಗೆ ಸರಿಹೋದ ಲೆಕ್ಕ ಇಲ್ಲಿ ಕೈಕೊಡುತ್ತದೆ.

ಲೆಕ್ಕ ಕಷ್ಟದ್ದಲ್ಲ. ಕರೆಂಟು ಹೋಗಿ ಬರಬೇಕು, ಆದ್ದರಿಂದ ದೂರವನ್ನು ಇಮ್ಮಡಿ ಮಾಡಿ. ಆಂಪಿಯರಿನಿಂದ ಗುಣಿಸಿ, ತಾಮ್ರಕ್ಕೆ 0.0175ರಿಂದ ಗುಣಿಸಿ, ವಯರಿನ ದಪ್ಪವನ್ನು ಹೇಳುವ ಸ್ಕ್ವೇರ್ ಎಂಎಂನಿಂದ ಭಾಗಿಸಿ. ದಾರಿಯಲ್ಲಿ ಕಳೆದುಹೋಗುವ ವೋಲ್ಟು ಸಿಗುತ್ತದೆ. 150 ವಾಟಿನ ಎರಡು ಪ್ಯಾನೆಲ್ ಇವೆ ಎನ್ನಿ. ಒಂದೊಂದೂ 18 ವೋಲ್ಟು, 8 ಆಂಪಿಯರ್ ಕೊಡುತ್ತದೆ. ಎರಡನ್ನೂ ಪ್ಯಾರಲಲ್, ಎಂದರೆ ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಜೋಡಿಸಿದರೆ 16 ಆಂಪಿಯರ್. "4 ಸ್ಕ್ವೇರ್ ಸಾಕಲ್ಲ ಮಾಷ್ಟ್ರೇ" ಎಂದು ಎಲ್ಲರೂ ಕೇಳುವ ಆ ವಯರಿನಲ್ಲಿ 4.2 ವೋಲ್ಟು ಹೋಯಿತು. ಉಳಿದದ್ದು 13.8. 12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ ತುಂಬಲು ಸುಮಾರು 14.4 ಬೇಕು. ಅದರ ಮೇಲೆ ಏಪ್ರಿಲ್ ಮಧ್ಯಾಹ್ನ ಪ್ಯಾನೆಲ್ ಕಾದಾಗ ಆ 18 ಕೂಡ 16ರ ಹತ್ತಿರ ಇಳಿಯುತ್ತದೆ. ಚಾರ್ಜು ತೆವಳುತ್ತದೆ, ತುಂಬುವುದರೊಳಗೆ ಬಿಸಿಲು ಇಳಿಯುತ್ತದೆ. ದಿನವೂ ಅರೆಹೊಟ್ಟೆಯಲ್ಲಿ ಮಲಗಿದ ಬ್ಯಾಟರಿಯ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ಎರಡು ವರ್ಷಕ್ಕೆ ಅದು ಸತ್ತಾಗ ನಾವು ಬ್ಯಾಟರಿ ಮಾರಿದವನನ್ನು ಬೈಯುತ್ತೇವೆ.

ಅದೇ ಪ್ಯಾನೆಲುಗಳನ್ನು ಸೀರೀಸಿನಲ್ಲಿ, ಎಂದರೆ ಒಂದರ ಪ್ಲಸ್ಸನ್ನು ಇನ್ನೊಂದರ ಮೈನಸ್ಸಿಗೆ ಜೋಡಿಸಿ. 36 ವೋಲ್ಟು, 8 ಆಂಪಿಯರ್. ಅದೇ 4 ಸ್ಕ್ವೇರಿನಲ್ಲಿ ಹೋಗುವುದು 2.1 ವೋಲ್ಟು, ಅದೂ 36ರಲ್ಲಿ. ನಷ್ಟದ ಶೇಕಡಾವಾರು ನಾಲ್ಕನೇ ಒಂದಕ್ಕೆ ಇಳಿಯಿತು, ವಯರಿಗೆ ಒಂದು ಪೈಸೆ ಹೆಚ್ಚು ಹಾಕದೆ. ಪ್ಯಾನೆಲಿಗೂ ಬ್ಯಾಟರಿಗೂ ನಡುವೆ ನಿಂತು ಚಾರ್ಜನ್ನು ಹಿಡಿತದಲ್ಲಿಡುವ ಪೆಟ್ಟಿಗೆಯೇ ಕಂಟ್ರೋಲರ್. ಇದಕ್ಕೆ ಎಂಪಿಪಿಟಿ ಜಾತಿಯದ್ದೇ ಬೇಕು, ಅದು ಹೆಚ್ಚಿನ ವೋಲ್ಟನ್ನು ಬ್ಯಾಟರಿಗೆ ಬೇಕಾದಷ್ಟಕ್ಕೆ ಇಳಿಸಿ ಆಂಪಿಯರ್ ಏರಿಸುತ್ತದೆ. ಇನ್ನೊಂದು ಜಾತಿಯ ಪಿಡಬ್ಲ್ಯುಎಂ ಕಂಟ್ರೋಲರ್ ಪ್ಯಾನೆಲನ್ನು ಬ್ಯಾಟರಿಯ ವೋಲ್ಟಿಗೇ ಎಳೆದು ನಿಲ್ಲಿಸುತ್ತದೆ, ಹೆಚ್ಚಿನ ವೋಲ್ಟು ದಂಡ. ಲೋಡಿಲ್ಲದಾಗ ಈ ಜೋಡಿ 44 ವೋಲ್ಟಿನವರೆಗೆ ಏರುತ್ತದೆ. 75 ವೋಲ್ಟು ತಡೆಯುವ ಕಂಟ್ರೋಲರ್ ಇದ್ದರೆ ನಿಶ್ಚಿಂತೆ.

6 ಸ್ಕ್ವೇರ್ ಹಾಕಿದರೆ ನಷ್ಟ ನೂರಕ್ಕೆ 4ರ ಒಳಗೆ. ಸಾಮಾನ್ಯವಾಗಿ ಹೇಳುವ ಮಿತಿ 3. ಆ ಒಂದಕ್ಕಾಗಿ 10 ಸ್ಕ್ವೇರಿಗೆ ಹೋಗುವ ಬದಲು ಆ ದುಡ್ಡನ್ನು ಇನ್ನೊಂದು ಪ್ಯಾನೆಲಿಗೆ ಇಡಿ ಎನ್ನುವವ ನಾನು.

ಆದರೆ ಬ್ಯಾಟರಿಯ ಕಡೆ ಜಿಪುಣತನ ಬೇಡ. ಕಂಟ್ರೋಲರಿನಿಂದ ಬ್ಯಾಟರಿಗೆ ಎರಡೇ ಮೀಟರ್ ಇರಬಹುದು, ಹರಿಯುವುದು ಮಾತ್ರ ಸುಮಾರು 20 ಆಂಪಿಯರ್. 4 ಸ್ಕ್ವೇರಿನಲ್ಲಿ ಸುಮಾರು 0.35 ವೋಲ್ಟು ಹೋಗುತ್ತದೆ. ಬ್ಯಾಟರಿಯಲ್ಲಿ 14ರ ಹತ್ತಿರ ಇದ್ದಾಗಲೇ ಕಂಟ್ರೋಲರ್ 14.4 ಕಂಡು, ತುಂಬಿತು ಎಂದು ಕೈ ಹಿಂದೆಗೆಯುತ್ತದೆ. ಇಲ್ಲಿ 10 ಸ್ಕ್ವೇರ್ ಹಾಕಿ, ತುದಿಗೆ ಲಗ್ ಎಂಬ ಲೋಹದ ಟೊಪ್ಪಿ ಇಟ್ಟು ಒತ್ತಿ ಕ್ರಿಂಪ್ ಮಾಡಿ. ಪಾಸಿಟಿವ್‌ನಲ್ಲಿ, ಬ್ಯಾಟರಿಯ ಪಕ್ಕದಲ್ಲೇ ಡಿಸಿ ಫ್ಯೂಸು. ಮನೆಯ ಎಸಿ ಎಂಸಿಬಿಯನ್ನು, ಎಂದರೆ ಕರೆಂಟು ಹೆಚ್ಚಾದರೆ ತಾನೇ ಕಡಿಯುವ ಸ್ವಿಚ್ಚನ್ನು, ಅಲ್ಲಿ ಕೂರಿಸಬೇಡಿ, ಡಿಸಿಯ ಕಿಡಿ ಅದರಲ್ಲಿ ಸುಲಭಕ್ಕೆ ಆರುವುದಿಲ್ಲ.

ಇನ್ನು ಪೈಪು. ಒಳಗಿನ ಜಾಗದ ನೂರಕ್ಕೆ 40ಕ್ಕಿಂತ ಹೆಚ್ಚು ವಯರು ತುಂಬಬಾರದು. 6 ಸ್ಕ್ವೇರಿನ ಎರಡು ಸೋಲಾರ್ ಕೇಬಲು, ಒಂದು ಅರ್ತಿಂಗ್ ವಯರು, ಇಷ್ಟು 20 ಎಂಎಂ ಪೈಪಿನಲ್ಲಿ ಕಾಗದದ ಮೇಲೆ ಹಿಡಿಯುತ್ತದೆ. ಎರಡು ಬೆಂಡ್ ದಾಟಿಸಿ ಸ್ಪ್ರಿಂಗಿನಿಂದ ವಯರು ಎಳೆಯುವಾಗ ಕಷ್ಟ ಗೊತ್ತಾಗುತ್ತದೆ, 25 ತನ್ನಿ. ಅಳಿಲು, ಹೆಗ್ಗಣ ಇರುವ ತೋಟದಲ್ಲಿ ಪೈಪಿಲ್ಲದೆ ವಯರು ಎಳೆದವರ ಪಾಡು ನಾನು ಹೇಳಬೇಕಾಗಿಲ್ಲ.

ನನ್ನ ಸ್ವಂತ ಪೆದ್ದುತನ ಒಂದು ಹೇಳಿಬಿಡುತ್ತೇನೆ. ಗುಡ್ಡೆಯಿಂದ ಜಗಲಿಯವರೆಗೆ ಪ್ರತಿ ಜಾಯಿಂಟಿಗೂ ಗಮ್ ಹಾಕಿ ಸೊಗಸಾಗಿ ಪೈಪು ಇಳಿಸಿದ್ದೆ. ಮೇಲಿನ ಬಾಯಿ ಪ್ಯಾನೆಲಿನ ಅಂಚಿಗೆ ಆಕಾಶ ನೋಡಿಕೊಂಡಿತ್ತು. ಜೂನಿನ ಮೊದಲ ಜಡಿಮಳೆಗೆ ಕಂಟ್ರೋಲರಿನ ದೀಪ ಆರಿತು. ಕೆಳಗಿನ ಸ್ಕ್ರೂ ಬಿಚ್ಚಿದರೆ ಒಂದು ಲೋಟ ಕೆಂಪು ನೀರು ಕಾಲ ಮೇಲೆ ಸುರಿಯಿತು. ಗುಡ್ಡೆಗೆ ಅಡ್ಡ ಕೊರೆದ ಸುರಂಗದ ನೀರನ್ನು ಅಡಿಕೆ ಮರದ ದಂಬೆಯಲ್ಲಿ ಅಂಗಳಕ್ಕೆ ತಂದವರ ಮೊಮ್ಮಗ ನಾನು! "ಸುರಂಗ ಬತ್ತಿದರೂ ನಿಮ್ಮ ಈ ಪೈಪಿನಲ್ಲಿ ನೀರುಂಟಲ್ಲ" ಎಂದಳು ಮನೆಯವಳು.

ಈಗ ಮೇಲಿನ ಬಾಯಿ ಊರುಗೋಲಿನ ಹಿಡಿಯ ಹಾಗೆ ಕೆಳಕ್ಕೆ ಬಾಗಿದೆ, ಕಣಜ ಗೂಡು ಕಟ್ಟದಂತೆ ಅದಕ್ಕೆ ಬಲೆ. ಕೆಳಗೆ ಪೈಪು ಕಂಟ್ರೋಲರಿಗಿಂತ ಒಂದು ಅಡಿ ತಗ್ಗಿಗೆ ಇಳಿದು, ಮತ್ತೆ ಮೇಲೆ ಬಂದು, ಅಡಿಯಿಂದ ಒಳಹೋಗುತ್ತದೆ. ಅತಿ ತಗ್ಗಿನ ಜಾಗದಲ್ಲಿ 6 ಎಂಎಂ ತೂತು. ಮಳೆಗಾಲದಲ್ಲಿ ಅದರಿಂದ ಈಗಲೂ ತೊಟ್ಟಿಕ್ಕುತ್ತದೆ.

ಈಗಾಗಲೇ ಹಾಕಿಸಿದವರು ಬ್ಯಾಟರಿ ತುಂಬಿರದ ದಿನ ನೋಡಿ ನಡುಮಧ್ಯಾಹ್ನ ಮಲ್ಟಿಮೀಟರಿನಲ್ಲಿ ವೋಲ್ಟಿನ ಎರಡು ಅಳತೆ ತೆಗೆಯಿರಿ: ಪ್ಯಾನೆಲಿನ ಬುಡದಲ್ಲಿ ಒಂದು, ಕಂಟ್ರೋಲರಿನ ಪ್ಯಾನೆಲ್ ಟರ್ಮಿನಲಿನಲ್ಲಿ ಒಂದು. ವ್ಯತ್ಯಾಸ ಎಷ್ಟಿದೆಯೋ ಅಷ್ಟೂ ವಯರು ಮತ್ತು ಜಾಯಿಂಟಿನ ಪಾಲಿಗೆ ಹೋದದ್ದು. ಮಲ್ಟಿಮೀಟರ್ ಇಲ್ಲದವರು ನನ್ನದನ್ನು ಒಯ್ಯಬಹುದು, ಮೇಜಿನ ಮೇಲಿದೆ. ಭಾನುವಾರದೊಳಗೆ ವಾಪಸು ಕೊಡಿ.