ದುಡಿಯುವ ಕೈಗಳ ಸಂಗೀತ: ಗ್ವಾಂಟನಾಮೊದಿಂದ ಮತಾಂಸಾಸ್‌ವರೆಗೆ

ನಮಸ್ಕಾರ. ಕ್ಯೂಬಾದ ಸಂಗೀತವೆಂದರೆ ಹವಾನಾ ಎಂದುಕೊಳ್ಳುವವರೇ ಹೆಚ್ಚು. ನನ್ನನ್ನು ಬಹುಕಾಲದಿಂದ ಹಿಡಿದಿಟ್ಟಿರುವುದು ಮಾತ್ರ ದ್ವೀಪದ ಪೂರ್ವ ತುದಿಯ ಗ್ವಾಂಟನಾಮೊ. ಹೊರಜಗತ್ತಿಗೆ ಆ ಹೆಸರು ಅಮೆರಿಕದ ಸೆರೆಮನೆಯನ್ನು ನೆನಪಿಸುತ್ತದೆ. ಅಲ್ಲಿನ ಜನರಿಗೆ ಅದು ಚಾಂಗ್ವಿ ಸಂಗೀತದ ತವರು.

ಹತ್ತೊಂಬತ್ತನೆಯ ಶತಮಾನದಲ್ಲಿ ಆ ಬೆಟ್ಟಸೀಮೆಯ ಕಬ್ಬಿನ ಗದ್ದೆ ಮತ್ತು ಕಾಫಿ ತೋಟಗಳಲ್ಲಿ ದುಡಿಯುತ್ತಿದ್ದವರ ಹಬ್ಬಗಳಲ್ಲಿ ಚಾಂಗ್ವಿ ರೂಪುಗೊಂಡಿತು. ಇದರ ಮೇಳ ಚಿಕ್ಕದು. ಗಿಟಾರಿನಂಥ, ಮೂರು ಜೋಡಿ ತಂತಿಗಳ ಟ್ರೆಸ್, ಕೈಯಿಂದ ಬಡಿಯುವ ಜೋಡಿ ಚರ್ಮವಾದ್ಯವಾದ ಬೊಂಗೊ (ಸಾಮಾನ್ಯ ಬೊಂಗೊಗಿಂತ ದೊಡ್ಡದಾದ ಬೆಟ್ಟದ ಬೊಂಗೊ), ಉಜ್ಜಿ ನುಡಿಸುವ ಲೋಹದ ಗುವಾಯೊ, ಗಿಲಕಿಯಂಥ ಮರಾಕಾಸ್, ಜೊತೆಗೆ ಮರಿಂಬುಲಾ. ಮರಿಂಬುಲಾ ಎಂಬುದು ಲೋಹದ ಪಟ್ಟಿಗಳನ್ನು ಜೋಡಿಸಿದ ಮರದ ದೊಡ್ಡ ಪೆಟ್ಟಿಗೆ. ವಾದಕ ಅದರ ಮೇಲೆಯೇ ಕುಳಿತು ಪಟ್ಟಿಗಳನ್ನು ಮೀಟಿ ಮಂದ್ರ ಸ್ವರ ಹೊರಡಿಸುತ್ತಾನೆ. ಕ್ಯೂಬಾದ ಬಹುಪಾಲು ನೃತ್ಯಸಂಗೀತವನ್ನು ಕಟ್ಟಿಹಿಡಿಯುವ ಕ್ಲಾವೆ ಕೋಲುಗಳ ತಾಳ ಇಲ್ಲಿಲ್ಲ. ಟ್ರೆಸ್ ಪೆಟ್ಟಿನ ಮೇಲೆ ನಿಲ್ಲದೆ ಪೆಟ್ಟುಗಳ ನಡುವೆ ಓಡುತ್ತದೆ, ಬೊಂಗೊ ಅದನ್ನು ಕೆಣಕುತ್ತ ಉತ್ತರಿಸುತ್ತದೆ. ಮೊದಲ ಸಲ ಕೇಳುವವರಿಗೆ ಸಮ ಎಲ್ಲಿದೆ ಎಂದೇ ತಿಳಿಯುವುದಿಲ್ಲ. ಆ ತಬ್ಬಿಬ್ಬೇ ಇದರ ಸೊಗಸು ಎಂಬುದು ನನ್ನ ಅನಿಸಿಕೆ. ಗ್ವಾಂಟನಾಮೊದಲ್ಲೇ ಹುಟ್ಟಿದ ಎಲಿಯೊ ರೆವೆ 1956ರಲ್ಲಿ ಹವಾನಾದಲ್ಲಿ ತಮ್ಮ ವಾದ್ಯವೃಂದವನ್ನು ಕಟ್ಟಿ, ಈ ಲಯವನ್ನು ರಾಜಧಾನಿಯ ನೃತ್ಯಸಭೆಗಳಿಗೆ ಒಯ್ದರು.

ಕ್ಯೂಬಾದ ಸಂಗೀತವನ್ನು ಬೆಳೆಸಿದವರಲ್ಲಿ ಬಹಳಷ್ಟು ಜನರಿಗೆ ಹೊಟ್ಟೆಪಾಡಿಗೆ ಬೇರೊಂದು ಕಸುಬಿತ್ತು. ಬೊಲೆರೊ ಎಂಬ ನಿಧಾನಗತಿಯ ಪ್ರೇಮಗೀತೆಗಳ ಕ್ಯೂಬಾ ಪ್ರಕಾರದ ಜನಕರೆನಿಸಿದ, ಪೂರ್ವ ಕ್ಯೂಬಾದ ಸಾಂತಿಯಾಗೊ ನಗರದ ಪೆಪೆ ಸಾಂಚೆಸ್ ದರ್ಜಿಯಾಗಿದ್ದರು. ಸ್ವರಲಿಪಿಯ ಶಾಸ್ತ್ರೀಯ ಶಿಕ್ಷಣ ಅವರಿಗೆ ಇರಲಿಲ್ಲ. ಸಾಂತಿಯಾಗೊ ಬಳಿಯ ಸಿಬೊನೆಯಲ್ಲಿ 1907ರಲ್ಲಿ ಹುಟ್ಟಿದ ಗಾಯಕ-ವಾದಕ ಕಂಪಾಯ್ ಸೆಗುಂದೊ ಹವಾನಾದ ಎಚ್. ಉಪ್ಮನ್ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಸಿಗಾರ್ ಸುತ್ತಿದರು. ಗಿಟಾರ್ ಮತ್ತು ಟ್ರೆಸ್‌ಗಳ ನಡುವಿನ ಏಳು ತಂತಿಗಳ ಅರ್ಮೊನಿಕೊ ಎಂಬ ವಾದ್ಯವನ್ನು ರೂಪಿಸಿದವರೂ ಅವರೇ. ಲೋಕಪ್ರಸಿದ್ಧಿ ಅವರನ್ನು ಹುಡುಕಿಕೊಂಡು ಬಂದಾಗ ಅವರ ವಯಸ್ಸು ಎಂಬತ್ತೊಂಬತ್ತನ್ನು ದಾಟಿತ್ತು.

ಉತ್ತರ ಕರಾವಳಿಯ ಬಂದರು ಮತಾಂಸಾಸ್‌ನಲ್ಲಿ ಕಸುಬೇ ವಾದ್ಯವನ್ನು ಕೊಟ್ಟಿತು. ಹಡಗುಕಟ್ಟೆಯ ಕೂಲಿಗಳು ಒಣಮೀನು ಬರುತ್ತಿದ್ದ ಮರದ ಪೆಟ್ಟಿಗೆಗಳನ್ನೇ ಬಡಿದು, ತಾಳವಾದ್ಯ, ಹಾಡು, ಕುಣಿತಗಳು ಬೆರೆತ ರುಂಬಾ ಹಾಡಿದರು. ಮೇಣದಬತ್ತಿಯ ಸಣ್ಣ ಪೆಟ್ಟಿಗೆ ಮೇಲುಸ್ಥಾಯಿಯ ವಾದ್ಯವಾಯಿತು. 1952ರಲ್ಲಿ ಆರಂಭವಾದ ಮುನ್ಯೆಕಿತೋಸ್ ದೆ ಮತಾಂಸಾಸ್ ತಂಡ ಆ ಪರಂಪರೆಯನ್ನು ಇಂದಿಗೂ ನುಡಿಸುತ್ತಿದೆ. ಪತ್ರಿಕೆಯ ಚಿತ್ರಕಥೆಗಳ ಪಾತ್ರಗಳ ಕುರಿತ ಹಾಡೊಂದು ಜನಪ್ರಿಯವಾದುದರಿಂದ ತಂಡಕ್ಕೆ ಈ ಹೆಸರು ಬಂತು. ಕ್ಯೂಬಾದ ರುಂಬಾ 2016ರಲ್ಲಿ ಯುನೆಸ್ಕೊದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಯನ್ನೂ ಸೇರಿತು.

1959ರ ಕ್ರಾಂತಿಯ ನಂತರ ಸಂಗೀತಗಾರರ ಬದುಕಿನ ಲೆಕ್ಕಾಚಾರವೇ ಬದಲಾಯಿತು. ಪರೀಕ್ಷಕರ ಮುಂದೆ ನುಡಿಸಿ ದರ್ಜೆ ಪಡೆದವರು ಸರ್ಕಾರಿ ಸಂಸ್ಥೆಗಳ ನೌಕರರಾದರು. ತಿಂಗಳ ಸಂಬಳ ಮತ್ತು ಉಚಿತ ಸಂಗೀತ ಶಿಕ್ಷಣ ಸಣ್ಣ ಸಂಗತಿಗಳಲ್ಲ; ಬಡ ಮನೆಗಳ ಎಷ್ಟೋ ಮಕ್ಕಳು ಹಾಗೆಯೇ ವಾದ್ಯ ಹಿಡಿದರು. ಆದರೆ ಕ್ಯೂಬಾಗೆ ಆಸರೆಯಾಗಿದ್ದ ಸೋವಿಯತ್ ಒಕ್ಕೂಟ ಕುಸಿದ ಬಳಿಕ ಆ ಸಂಬಳದ ಬೆಲೆ ಕರಗಿತು. 1993ರಲ್ಲಿ ಡಾಲರ್ ಚಲಾವಣೆ ಕಾನೂನುಬದ್ಧವಾದ ಮೇಲೆ, ಪ್ರವಾಸಿಗರು ಕೊಡುವ ಭಕ್ಷೀಸು ಮತ್ತು ಸಿಡಿ ಮಾರಾಟದ ಹಣ ಸರ್ಕಾರದ ಸಂಬಳಕ್ಕಿಂತ ಮುಖ್ಯವಾಯಿತು.

ಇದರ ಪರಿಣಾಮ ಹಾಡುಗಳ ಮೇಲೂ ಆಗಿದೆ ಎಂಬುದೇ ನನ್ನನ್ನು ಕಾಡುವ ವಿಷಯ. ಹೋಟೆಲು, ರೆಸ್ಟೋರೆಂಟುಗಳಲ್ಲಿ ಪ್ರವಾಸಿಗರು ಕಂಪಾಯ್ ಅವರ 'ಚಾನ್ ಚಾನ್' ಹಾಡನ್ನೇ ಮತ್ತೆ ಮತ್ತೆ ಕೇಳುತ್ತಾರೆ, ಮನೆ ನಡೆಸಬೇಕಾದ ಕಲಾವಿದರು ಅದನ್ನೇ ನುಡಿಸುತ್ತಾರೆ. ತಪ್ಪು ಅವರದಲ್ಲ. ಚಾಂಗ್ವಿಗೆ ಪ್ರವಾಸಿಗರ ಬೇಡಿಕೆಯೂ ಕಡಿಮೆ, ಗ್ವಾಂಟನಾಮೊಗೆ ಬರುವ ಪ್ರವಾಸಿಗರೂ ಕಡಿಮೆ. ಇತ್ತೀಚಿನ ವರ್ಷಗಳ ವಿದ್ಯುತ್ ಕಡಿತ ಮತ್ತು ವಲಸೆ ತಂಡಗಳನ್ನು ಇನ್ನಷ್ಟು ತೆಳುವಾಗಿಸುತ್ತಿವೆ. ಹೀಗಾಗಿ ನಿಮ್ಮಲ್ಲಿ ಯಾರಾದರೂ ಆ ಕಡೆ ಹೋದರೆ, ದಯವಿಟ್ಟು ಸಾಂತಿಯಾಗೊದಲ್ಲೇ ನಿಲ್ಲದೆ ಗ್ವಾಂಟನಾಮೊವರೆಗೂ ಹೋಗಿ. 1945ರಲ್ಲಿ ಸ್ಥಾಪನೆಯಾದ ಗ್ರುಪೊ ಚಾಂಗ್ವಿ ದೆ ಗ್ವಾಂಟನಾಮೊ ತಂಡದ ಬಗ್ಗೆ ವಿಚಾರಿಸಿ, ಮರಿಂಬುಲಾದ ಹತ್ತಿರ ಕುಳಿತು ಕೇಳಿ, ಮೇಳದ ಎಲ್ಲರಿಗೂ ಹಂಚಿಕೆಯಾಗುವಷ್ಟು ಹಣ ಕೊಟ್ಟು ಬನ್ನಿ.