1959: ಜಾಜ್ ಹೊಸ ದಾರಿ ಹಿಡಿದ ವರ್ಷ

ಕೇಳುಗರೇ, ನಮಸ್ಕಾರ.

ನ್ಯೂಯಾರ್ಕಿನ ಮೂವತ್ತನೇ ಬೀದಿಯ ಒಂದು ಹಳೇ ಚರ್ಚನ್ನು ಕೊಲಂಬಿಯಾ ರೆಕಾರ್ಡ್ ಕಂಪನಿ ಸ್ಟುಡಿಯೋ ಮಾಡಿಕೊಂಡಿತ್ತು. ಜಾಜ್ ಪ್ರಿಯರು ಇಂದಿಗೂ ಕೈಬಿಡದ ಮೂರು ಆಲ್ಬಮ್‌ಗಳು 1959ರಲ್ಲಿ ಅಲ್ಲೇ ಧ್ವನಿಮುದ್ರಣಗೊಂಡವು.

ಮೊದಲನೆಯದು ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 'ಕೈಂಡ್ ಆಫ್ ಬ್ಲೂ'. ಅಲ್ಲಿಯವರೆಗಿನ ಜಾಜ್‌ನಲ್ಲಿ ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲುಗಳು, ಸರಸರನೆ ಬದಲಾಗುತ್ತಿದ್ದವು. ನುಡಿಸುವವರು ಅವುಗಳ ಬೆನ್ನು ಹತ್ತಿ ಓಡಬೇಕಿತ್ತು. ಮೈಲ್ಸ್ ಆ ಓಟ ನಿಲ್ಲಿಸಿದರು. ಒಂದು ಸ್ವರಶ್ರೇಣಿ ಕೊಟ್ಟು, ಅದರಲ್ಲೇ ನಿಧಾನವಾಗಿ ವಿಸ್ತರಿಸಿ ಅಂದರು. ಮಾರ್ಚ್ 2 ಮತ್ತು ಏಪ್ರಿಲ್ 22, ಎರಡೇ ದಿನದಲ್ಲಿ ಕೆಲಸ ಮುಗಿಯಿತು.

ಅದರ ಮೊದಲ ರಚನೆ 'ಸೋ ವಾಟ್' ಕೇಳಿ. ಪಾಲ್ ಚೇಂಬರ್ಸ್ ಅವರ ಬಾಸ್ ಎಂಬ ಮಂದ್ರ ಸ್ವರದ ದೊಡ್ಡ ತಂತಿವಾದ್ಯ ಒಂದು ಮಾತು ಹೇಳುತ್ತದೆ, ಉಳಿದ ವಾದ್ಯಗಳು ಎರಡೇ ಸ್ವರದಲ್ಲಿ ಉತ್ತರ ಕೊಡುತ್ತವೆ. ಪಾಶ್ಚಾತ್ಯ ಸಂಗೀತದವರು ಡೋರಿಯನ್ ಅನ್ನುವ ಆ ಸ್ವರಗಳು ನಮ್ಮ ಖರಹರಪ್ರಿಯದ ಸ್ವರಗಳೇ. ಗಮಕ ಇಲ್ಲ, ರಾಗದ ನಡೆ ಇಲ್ಲ, ನಿಜ. ಆದರೂ ಕಛೇರಿ ಕೇಳಿದ ಕಿವಿಗೆ ಜಾಜ್ ಒಳಗೆ ಹೋಗಲು ಇದಕ್ಕಿಂತ ಒಳ್ಳೆ ಬಾಗಿಲು ಇಲ್ಲ ಅಂತ ನನ್ನ ನಂಬಿಕೆ. ನಡುವೆ ಎಂಟು ಆವರ್ತನೆ ಇಡೀ ಶ್ರುತಿಯೇ ಅರ್ಧ ಸ್ವರ ಮೇಲೇರಿ ಮತ್ತೆ ಇಳಿಯುತ್ತದೆ. ಆ ಜಾಗದಲ್ಲಿ ಮೈ ಜುಮ್ಮೆನ್ನುತ್ತದೆ.

ಆಗಸ್ಟ್ 17ಕ್ಕೆ ಆಲ್ಬಮ್ ಬಂತು. ವಾರ ಕಳೆದಿತ್ತಷ್ಟೇ, ತಾವೇ ನುಡಿಸುತ್ತಿದ್ದ ಬರ್ಡ್‌ಲ್ಯಾಂಡ್ ಕ್ಲಬ್ಬಿನ ಮುಂದೆ ನಿಂತಿದ್ದ ಮೈಲ್ಸ್ ಅವರ ತಲೆ ಒಡೆಯುವಂತೆ ಪೊಲೀಸರು ಹೊಡೆದರು. ಕರಿಯರ ಸಂಗೀತ ಬೇಕು, ಕರಿಯ ಮನುಷ್ಯ ಬಾಗಿಲಲ್ಲಿ ನಿಲ್ಲಬಾರದು. ಈ ಸಂಗೀತದ ಜೊತೆ ಇದನ್ನೂ ನೆನಪಿಡಬೇಕು, ಅಲ್ವಾ?

ಎರಡನೆಯದು, ಬಾಸ್ ವಾದಕ ಚಾರ್ಲ್ಸ್ ಮಿಂಗಸ್ ಅದೇ ಸ್ಟುಡಿಯೋದಲ್ಲಿ ಮಾಡಿದ 'ಮಿಂಗಸ್ ಆ ಅಮ್'. ಕರಿಯ ಮಕ್ಕಳನ್ನು ಬಿಳಿಯರ ಶಾಲೆಗೆ ಬಿಡದ ಅರ್ಕನ್ಸಾಸ್ ಗವರ್ನರ್ ಫಾಬಸ್ ಅವರನ್ನು ಹಂಗಿಸುವ ರಚನೆ ಅದರಲ್ಲಿದೆ. ಸಾಹಿತ್ಯ ಮಾತ್ರ ಸೇರಲಿಲ್ಲ, ವಾದ್ಯಗಳೇ ಬೈದವು. ಮಾರ್ಚಿನಲ್ಲಿ ತೀರಿಕೊಂಡ ಸ್ಯಾಕ್ಸೊಫೋನ್ ವಾದಕ ಲೆಸ್ಟರ್ ಯಂಗ್ ಅವರಿಗೆ ಒಂದು ವಿದಾಯವೂ ಇದೆ. ಲೆಸ್ಟರ್ ಅವರ ಆತ್ಮೀಯ ಗೆಳತಿ, ಗಾಯಕಿ ಬಿಲ್ಲಿ ಹಾಲಿಡೇ ಜುಲೈನಲ್ಲಿ ಹೋದರು. ಬರೀ 44 ವರ್ಷ.

ಮೂರನೆಯದು ಪಿಯಾನೋ ವಾದಕ ಡೇವ್ ಬ್ರೂಬೆಕ್ ಅವರ 'ಟೈಮ್ ಔಟ್'. 1958ರಲ್ಲಿ ಅವರ ತಂಡ ಟರ್ಕಿಗೆ ಹೋಗಿತ್ತು, ಭಾರತಕ್ಕೂ ಬಂದಿತ್ತು. ಇಸ್ತಾನ್‌ಬುಲ್ ಬೀದಿಯಲ್ಲಿ ಕೇಳಿದ ಒಂಬತ್ತರ ಲಯ ಅವರನ್ನು ಹಿಡಿದುಕೊಂಡಿತು: ತಕ ತಕ ತಕ ತಕಿಟ. ತಂಡದ ಸ್ಯಾಕ್ಸೊಫೋನ್ ವಾದಕ ಪಾಲ್ ಡೆಸ್ಮಂಡ್ ಬರೆದ 'ಟೇಕ್ ಫೈವ್' ಐದರ ಲೆಕ್ಕ: ತಕಿಟ ತಕ. ಕೈಯಲ್ಲಿ ತಾಳ ಹಾಕುತ್ತಾ ಕೇಳಿ, ಜೋ ಮೊರೆಲ್ಲೋ ಅವರ ಡ್ರಮ್ಸ್ ಎಲ್ಲೆಲ್ಲಿ ಬೇಕಂತಲೇ ಸುಮ್ಮನಿರುತ್ತದೆ ಅನ್ನೋದು ತಿಳಿಯುತ್ತದೆ.

ನವೆಂಬರಿನಲ್ಲಿ ಆರ್ನೆಟ್ ಕೋಲ್ಮನ್ ಎಂಬ ಯುವಕ ಪ್ಲಾಸ್ಟಿಕ್ ಸ್ಯಾಕ್ಸೊಫೋನ್ ಹಿಡಿದು ನ್ಯೂಯಾರ್ಕಿನ ಫೈವ್ ಸ್ಪಾಟ್ ಕ್ಲಬ್ಬಿಗೆ ಬಂದರು. ತಂಡದಲ್ಲಿ ಪಿಯಾನೋ ಇಲ್ಲ, ಮೊದಲೇ ಗೊತ್ತುಮಾಡಿದ ಕಾರ್ಡ್‌ಗಳ ಹಂಗೂ ಇಲ್ಲ. ಕೆಲವರು ಇದು ಸಂಗೀತವೇ ಅಲ್ಲ ಅಂದರು, ಕೆಲವರು ಮುಂದಿನ ದಾರಿ ಇದೇ ಅಂದರು. ಎರಡು ವಾರಕ್ಕೆಂದು ಒಪ್ಪಿಕೊಂಡ ಕಾರ್ಯಕ್ರಮ ಹೊಸ ವರ್ಷ ಬಂದರೂ ಮುಗಿಯಲಿಲ್ಲ. ಜಗಳವೂ ಮುಗಿಯಲಿಲ್ಲ.

ನಮಸ್ಕಾರ.